ಡಿ ಅಂಡ್ ಡಿ ಟೇಬಲ್‌ಗೆ ಯಾವ ಮನೆ ನಿಯಮ ಹೊಂದುತ್ತದೆ, ಯಾವುದು ಬೇಡ

ಡಿ ಅಂಡ್ ಡಿ ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸಿ ಕಥೆ ನಡೆಸುವ ಆಟ. ನಮ್ಮ ಎರಡನೇ ಸೆಷನ್. ಆಟಗಾರರು ನಾಲ್ಕು ಜನ, ಎಲ್ಲರೂ ಒಂದನೇ ಲೆವೆಲ್, ಡಿಎಂ, ಅಂದರೆ ಕಥೆ ಮತ್ತು ರಾಕ್ಷಸರನ್ನು ನಡೆಸುವವನು, ನಾನು. ಕಾಡಿನ ದಾರಿಯಲ್ಲಿ ಮೂರು ಗಾಬ್ಲಿನ್‌ಗಳು ಅಡ್ಡ ಬಂದವು. ಅದರಲ್ಲಿ ಒಂದಕ್ಕೆ ನ್ಯಾಚುರಲ್ 20, ಅಂದರೆ ಇಪ್ಪತ್ತು ಮುಖದ ಡೈಸ್‌ನಲ್ಲಿ (ಡಿ20) ನೇರವಾಗಿ 20 ಬಿತ್ತು. ಅದೇ ಕ್ರಿಟ್, ಜೋರಾದ ಏಟು. ಕ್ರಿಟ್ ಬಿದ್ದರೆ ಒಟ್ಟು ಡ್ಯಾಮೇಜ್ ಡಬಲ್ ಎನ್ನುವುದು ನಮ್ಮ ಮನೆ ನಿಯಮ. ಡಿ6, ಅಂದರೆ ಆರು ಮುಖದ ಡೈಸ್, ಉರುಳಿಸಿದೆ, ಆರು ಬಿತ್ತು. ಆರಕ್ಕೆ ಗಾಬ್ಲಿನ್‌ನ ಮಾಡಿಫೈಯರ್ (ಡೈಸ್‌ಗೆ ಸೇರಿಸುವ ಸ್ಥಿರ ಸಂಖ್ಯೆ) ಎರಡು ಸೇರಿಸಿ ಎಂಟು, ಡಬಲ್ ಮಾಡಿದರೆ 16. ಎದುರಿಗಿದ್ದ ವಿಝರ್ಡ್‌ಗೆ (ಮಂತ್ರಗಾತಿ) ಇದ್ದದ್ದು 8 ಹಿಟ್ ಪಾಯಿಂಟ್, ಅಂದರೆ ಜೀವದ ಲೆಕ್ಕ. ಸೊನ್ನೆಗೆ ಇಳಿದ ಮೇಲೂ ಇನ್ನೂ 8 ಡ್ಯಾಮೇಜ್ ಉಳಿಯಿತು. ಉಳಿದದ್ದು ಪೂರ್ತಿ ಹಿಟ್ ಪಾಯಿಂಟ್‌ಗೆ ಸಮವಾದರೆ ಡೆತ್ ಸೇವ್ (ಬದುಕುಳಿಯಲು ಉರುಳಿಸುವ ಡೈಸ್) ಕೂಡ ಇಲ್ಲ, ಅಲ್ಲೇ ಸಾವು. ಆ ವಿಝರ್ಡ್‌ಳನ್ನು ಆಡುತ್ತಿದ್ದ ಗೆಳತಿ ಅವಳ ಊರು, ಅಮ್ಮ, ಅಕ್ಕ ಎಲ್ಲರ ಬಗ್ಗೆ ಎರಡು ಪುಟ ಬರೆದು ತಂದಿದ್ದಳು.

ಪುಸ್ತಕದಲ್ಲಿದ್ದ ಹಾಗೇ ಆಡಿದ್ದರೆ ಆ ಗಾಬ್ಲಿನ್ ಎಷ್ಟೇ ಜೋರಾಗಿ ಹೊಡೆದರೂ 14 ದಾಟುತ್ತಿರಲಿಲ್ಲ. ಅವಳು ಕೆಳಗೆ ಬೀಳುತ್ತಿದ್ದಳು, ಯಾರಾದರೂ ಓಡಿ ಬಂದು ಎಬ್ಬಿಸುತ್ತಿದ್ದರು. "ಕ್ರಿಟ್ ಬಿದ್ದಾಗ ಮಜಾ ಇರಬೇಕು" ಅಂತ ಆ ನಿಯಮ ತಂದವನು ನಾನೇ. ಅದು ಗಾಬ್ಲಿನ್ ಕೈಗೂ ಸಿಗುತ್ತದೆ ಅಂತ ಆವತ್ತಿನವರೆಗೂ ಯೋಚಿಸಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಮನೆ ನಿಯಮವನ್ನೂ ಲೆಕ್ಕ ಹಾಕಿ, ಆಡಿ, ಬೇಕಾದರೆ ತೆಗೆದು ನೋಡಿದ್ದೇವೆ. ನಾವು ಆಡುವುದು ಐದನೇ ಎಡಿಷನ್, ಹೆಚ್ಚಾಗಿ 2014ರ ಪುಸ್ತಕಗಳು. 2024ರ ಹೊಸ ಪುಸ್ತಕಗಳಲ್ಲಿ ಬದಲಾದದ್ದು ಎಲ್ಲಿ ಮುಖ್ಯವೋ ಅಲ್ಲಿ ಹೇಳುತ್ತೇನೆ.

ಮನೆ ನಿಯಮ ಅನ್ನುವುದು ನಮಗೇನು ಹೊಸದಲ್ಲ. ಚೌಕಾಬಾರ ಆಡಿ ಬೆಳೆದವರಿಗೆ ಗೊತ್ತು. ಒಂದು ಮನೆಯಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಹೋಗುವ ಹಾಗಿಲ್ಲ, ಪಕ್ಕದ ಮನೆಯಲ್ಲಿ ಆ ಷರತ್ತೇ ಇರುವುದಿಲ್ಲ. ಷರತ್ತು ಇರುವ ಕಡೆ ಕಟ್ಟೆಯಿಂದ ಕಟ್ಟೆಗೆ ಜೋಪಾನವಾಗಿ ನಡೆಸುತ್ತಾ ಹೋದರೆ ಗೆಲ್ಲಲಾಗುವುದಿಲ್ಲ, ಹೊರಗೆ ಬಂದು ಯಾರನ್ನಾದರೂ ಹೊಡೆಯಲೇಬೇಕು. ನಿಯಮ ಒಂದೇ ಸಾಲು, ಆಟ ಮಾತ್ರ ಪೂರ್ತಿ ಬೇರೆ. ಡಿ ಅಂಡ್ ಡಿಯಲ್ಲೂ ಇದೇ ಆಗುತ್ತದೆ. ಆದರೆ ಚೌಕಾಬಾರದಲ್ಲಿ ಎಲ್ಲರ ಕಾಯಿಯೂ ಒಂದೇ ತರ, ಇಲ್ಲಿ ಹಾಗಲ್ಲ. ಒಬ್ಬ ಫೈಟರ್ (ಯೋಧ), ಒಬ್ಬಳು ವಿಝರ್ಡ್, ಒಬ್ಬ ರೋಗ್ (ಕಳ್ಳ). ಒಂದೇ ನಿಯಮ ಒಬ್ಬರಿಗೆ ಕೊಡುತ್ತದೆ, ಇನ್ನೊಬ್ಬರಿಂದ ಕಿತ್ತುಕೊಳ್ಳುತ್ತದೆ. ಅದಕ್ಕೇ ಎರಡು ನಿಯಮಗಳ ನಡುವೆ ಆರಿಸುವಾಗ ನಾನು ಮೊದಲು ಕೇಳುವುದು ಇದು: ಇದರ ಬೆಲೆ ಯಾರು ಕೊಡುತ್ತಾರೆ, ಎಷ್ಟು ಸಲ ಕೊಡುತ್ತಾರೆ? ಒಂದು ಗಾಬ್ಲಿನ್ ಬದುಕುವುದು ಮೂರು ಸುತ್ತು. ನಿಮ್ಮ ಗೆಳೆಯನ ಕ್ಯಾರೆಕ್ಟರ್ ಎರಡು ವರ್ಷ ಬದುಕಬಹುದು. ಡೈಸ್‌ಗೆ ಅಂಟಿಕೊಂಡ ಪ್ರತಿ ಶಿಕ್ಷೆಯೂ ಜಾಸ್ತಿ ದಿನ ಇರುವವರ ಮೇಲೇ ಜಾಸ್ತಿ ಬೀಳುತ್ತದೆ.

ಕ್ರಿಟ್ ಬಿದ್ದರೆ ಎಷ್ಟು ಡ್ಯಾಮೇಜ್?

ಪುಸ್ತಕದ ನಿಯಮದಲ್ಲಿ ಡ್ಯಾಮೇಜ್ ಡೈಸ್ ಎರಡರಷ್ಟು ಉರುಳಿಸಬೇಕು, ಮಾಡಿಫೈಯರ್ ಒಂದೇ ಸಲ ಸೇರಿಸಬೇಕು. ಲಾಂಗ್‌ಸ್ವೋರ್ಡ್ (ಡಿ8) ಹಿಡಿದ, +3 ಇರುವ ಫೈಟರ್ ತೆಗೆದುಕೊಳ್ಳಿ. ಅವನ ಮಾಮೂಲಿ ಏಟಿನ ಸರಾಸರಿ 7.5. ಕ್ರಿಟ್ ಆದರೆ ಎರಡು ಡಿ8 ಮತ್ತು 3, ಸರಾಸರಿ 12. ಚೆನ್ನಾಗಿಯೇ ಇದೆ. ಆದರೆ ಎರಡೂ ಡೈಸ್‌ನಲ್ಲಿ ಒಂದೊಂದು ಬಿದ್ದರೆ ಒಟ್ಟು 5. ಟೇಬಲ್ ಪೂರ್ತಿ ಕೂಗಿ ಎದ್ದು ನಿಂತ ಮೇಲೆ 5 ಅಂತ ಹೇಳುವಾಗ ಆಗುವ ನಿರಾಸೆ ಆಡಿದವರಿಗೇ ಗೊತ್ತು. ಅದನ್ನು ಸರಿಮಾಡಲು ಜನ ಎರಡು ದಾರಿ ಹಿಡಿಯುತ್ತಾರೆ.

ಮೊದಲನೆಯದು ನಾವು ಮಾಡಿದ್ದು, ಎಲ್ಲ ಸೇರಿಸಿ ಡಬಲ್. ಅದೇ ಫೈಟರ್‌ಗೆ ಸರಾಸರಿ 15, ಕನಿಷ್ಠ 8, ಗರಿಷ್ಠ 22. ಎರಡನೆಯದು, ಒಂದು ಡೈಸ್ ಪೂರ್ತಿ ಬಿತ್ತು ಅಂತ ಇಟ್ಟುಕೊಂಡು ಇನ್ನೊಂದನ್ನು ಉರುಳಿಸುವುದು. ಅಂದರೆ 8, ಅದಕ್ಕೆ ಒಂದು ಡಿ8, ಅದಕ್ಕೆ 3. ಸರಾಸರಿ 15.5, ಕನಿಷ್ಠ 12, ಗರಿಷ್ಠ 19. ಸರಾಸರಿ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಅಲ್ವಾ? ವ್ಯತ್ಯಾಸ ಇರುವುದು ತುದಿಗಳಲ್ಲಿ. ಪುಸ್ತಕದ ನಿಯಮದಲ್ಲೂ ಗರಿಷ್ಠ 19 ಇತ್ತು. ಎರಡನೇ ದಾರಿ ನೆಲವನ್ನು ಎತ್ತುತ್ತದೆ, ಚಾವಣಿಯನ್ನು ಮುಟ್ಟುವುದಿಲ್ಲ. ಮೊದಲನೇ ದಾರಿ ಚಾವಣಿಯನ್ನೇ ಮೇಲಕ್ಕೆ ತಳ್ಳುತ್ತದೆ, ನಮ್ಮ ವಿಝರ್ಡ್ ಸತ್ತದ್ದು ಅಲ್ಲಿ.

ಆ 8 ಹಿಟ್ ಪಾಯಿಂಟ್ ವಿಝರ್ಡ್ ಮೇಲೇ ಮೂರನ್ನೂ ಇಟ್ಟು ನೋಡಿ. ಪುಸ್ತಕದ ನಿಯಮದಲ್ಲಿ ಗಾಬ್ಲಿನ್ ಕ್ರಿಟ್ ಆದರೆ ಅವಳು ಬೀಳುವ ಸಾಧ್ಯತೆ ಸುಮಾರು 72%, ಆ ಒಂದೇ ಏಟಿಗೆ ಸಾಯುವ ಸಾಧ್ಯತೆ ಸೊನ್ನೆ. ಪೂರ್ತಿ ಡೈಸ್ ಜೊತೆ ಇನ್ನೊಂದು ಉರುಳಿಸಿದರೆ ಪ್ರತಿ ಸಲವೂ ಬೀಳುತ್ತಾಳೆ, ಯಾಕೆಂದರೆ ಕನಿಷ್ಠವೇ 9, ಆದರೆ ಅಲ್ಲೇ ಸಾಯುವುದಿಲ್ಲ. ಒಟ್ಟು ಡಬಲ್ ಮಾಡಿದರೆ ಆರರಲ್ಲಿ ಐದು ಸಲ ಬೀಳುತ್ತಾಳೆ, ಆ ಐದರಲ್ಲಿ ಒಂದು ಸಲ ನೇರವಾಗಿ ಸಾವು.

ಇನ್ನೊಂದು ವಿಷಯ. ಎರಡನೇ ದಾರಿ ಜಾಸ್ತಿ ಡೈಸ್ ಉರುಳಿಸುವವರಿಗೆ ಜಾಸ್ತಿ ಕೊಡುತ್ತದೆ. ಐದನೇ ಲೆವೆಲ್‌ನ ರೋಗ್, ಕೈಯಲ್ಲಿ ರೇಪಿಯರ್ (ಡಿ8), +4, ಜೊತೆಗೆ ಸ್ನೀಕ್ ಅಟ್ಯಾಕ್ (ಹೊಂಚಿ ಹೊಡೆದಾಗಿನ ಹೆಚ್ಚುವರಿ ಏಟು) 3ಡಿ6, ಅಂದರೆ ಮೂರು ಡಿ6. ಪುಸ್ತಕದ ಕ್ರಿಟ್‌ನಲ್ಲಿ ಅವನ ಸರಾಸರಿ 34, ಒಟ್ಟು ಡಬಲ್‌ನಲ್ಲಿ 38, ಈ ದಾರಿಯಲ್ಲಿ 45. ಪಕ್ಕದಲ್ಲಿ ಒಂದೇ ಕತ್ತಿ ಬೀಸುವ ಫೈಟರ್‌ಗೆ ಸಿಗುವುದು ಮೂರೂವರೆ ಪಾಯಿಂಟ್ ಮಾತ್ರ. ನಿಮ್ಮ ಟೇಬಲ್‌ನಲ್ಲಿ ರೋಗ್ ಅಥವಾ ಪ್ಯಾಲಡಿನ್ ಈಗಾಗಲೇ ಎಲ್ಲರಿಗಿಂತ ಮುಂದಿದ್ದರೆ ಇದನ್ನು ಹಾಕಬೇಡಿ.

ನನ್ನ ಸಲಹೆ ಹೀಗೆ. ಒಂದು ಮತ್ತು ಎರಡನೇ ಲೆವೆಲ್‌ನಲ್ಲಿ ಪುಸ್ತಕದ ನಿಯಮ ಬಿಟ್ಟು ಅಲ್ಲಾಡಬೇಡಿ. ಮೂರನೇ ಲೆವೆಲ್ ಬಂದ ಮೇಲೆ ಪೂರ್ತಿ ಡೈಸ್ ನಿಯಮವನ್ನು ಆಟಗಾರರಿಗೆ ಮಾತ್ರ ಕೊಡಿ, ರಾಕ್ಷಸರು ಪುಸ್ತಕದ ಪ್ರಕಾರವೇ ಹೊಡೆಯಲಿ. ಇದು ಮೋಸ ಅಂತ ಕೆಲವರಿಗೆ ಅನ್ನಿಸಬಹುದು. 2022ರ ಪ್ಲೇಟೆಸ್ಟ್‌ನಲ್ಲಿ, ಅಂದರೆ ಹೊಸ ನಿಯಮಗಳ ಪರೀಕ್ಷೆಯಲ್ಲಿ, ಆಟ ಮಾಡಿದವರೇ ಆಟಗಾರರಿಗೆ ಮಾತ್ರ ಕ್ರಿಟ್ ಅಂತ ಒಮ್ಮೆ ಪ್ರಯತ್ನಿಸಿ, ಆಮೇಲೆ ಅದನ್ನು ಕೈಬಿಟ್ಟರು. ರಾಕ್ಷಸರಿಗೆ ಕ್ರಿಟ್ ಪೂರ್ತಿ ಇಲ್ಲದಿದ್ದರೆ ಭಯವೇ ಹೋಗುತ್ತದೆ, ನಾನೂ ಒಪ್ಪುತ್ತೇನೆ. ಭಯ ಇರಲಿ, ಹೊಸ ಕ್ಯಾರೆಕ್ಟರ್ ಮೊದಲ ವಾರವೇ ಸಾಯುವುದು ಬೇಡ.

ನ್ಯಾಚುರಲ್ 1 ಬಿದ್ದರೆ ಕತ್ತಿ ಜಾರಬೇಕೇ?

ಇದಕ್ಕೆ ನನ್ನ ಉತ್ತರ ಬೇಡ. ಆದರೂ ಹೋಲಿಸಿ ಹೇಳುತ್ತೇನೆ, ಯಾಕೆಂದರೆ ಹೊಸ ಡಿಎಂಗಳು ಮೊದಲು ತರುವ ನಿಯಮಗಳಲ್ಲಿ ಇದೂ ಒಂದು, ನಾನೂ ತಂದಿದ್ದೆ.

ಪುಸ್ತಕದಲ್ಲಿ 1 ಬಿದ್ದರೆ ಏಟು ತಪ್ಪುತ್ತದೆ, ಮುಗಿಯಿತು. ಅದೂ ಅಟ್ಯಾಕ್ ರೋಲ್‌ಗೆ ಮಾತ್ರ. ಮನೆ ನಿಯಮದಲ್ಲಿ ಕತ್ತಿ ಕೈಜಾರುತ್ತದೆ, ಬಿಲ್ಲಿನ ಹೆದೆ ಕಡಿಯುತ್ತದೆ, ಪಕ್ಕದಲ್ಲಿರುವ ಗೆಳೆಯನಿಗೇ ಏಟು ಬೀಳುತ್ತದೆ. ಮೊದಲ ಎರಡು ಸಲ ಎಲ್ಲರೂ ನಗುತ್ತಾರೆ. ಈಗ ಲೆಕ್ಕ ನೋಡಿ. ಫೈಟರ್‌ಗೆ ಐದನೇ ಲೆವೆಲ್‌ನಲ್ಲಿ ಒಂದು ಸರದಿಗೆ ಎರಡು ಏಟು, ಹನ್ನೊಂದರಲ್ಲಿ ಮೂರು, ಇಪ್ಪತ್ತರಲ್ಲಿ ನಾಲ್ಕು. ಒಂದು ಸರದಿಯಲ್ಲಿ ಕನಿಷ್ಠ ಒಂದು 1 ಬೀಳುವ ಸಾಧ್ಯತೆ ಹೊಸಬನಿಗೆ 5%, ಹನ್ನೊಂದನೇ ಲೆವೆಲ್‌ನವನಿಗೆ ಸುಮಾರು 14%, ಇಪ್ಪತ್ತನೇ ಲೆವೆಲ್‌ನ ಮಹಾವೀರನಿಗೆ ಸುಮಾರು 18.5%. ಕಲಿತಷ್ಟೂ ಕತ್ತಿ ಜಾರುವುದು ಜಾಸ್ತಿ! ಹನ್ನೊಂದನೇ ಲೆವೆಲ್ ಫೈಟರ್ ನಾಲ್ಕು ಸುತ್ತಿನ ಒಂದು ಕಾಳಗದಲ್ಲಿ ಹನ್ನೆರಡು ಏಟು ಹೊಡೆಯುತ್ತಾನೆ, ಅಂದರೆ ಹತ್ತಿರ ಹತ್ತಿರ ಎರಡು ಕಾಳಗಕ್ಕೆ ಒಂದರಲ್ಲಿ ಅವನಿಗೆ ಅವಮಾನ ಕಾದಿರುತ್ತದೆ. ಅದೇ ಹೊತ್ತಿಗೆ ವಿಝರ್ಡ್ ಫೈರ್‌ಬಾಲ್ ಹಾಕಿದರೆ ಡಿ20 ಉರುಳಿಸುವುದು ಎದುರಿನವರು, ಅವಳ ಕೈ ಜಾರುವ ಪ್ರಶ್ನೆಯೇ ಇಲ್ಲ. ಮೊದಲೇ ಮ್ಯಾಜಿಕ್ ಮಾಡುವವರ ಮುಂದೆ ಹಿಂದೆ ಬೀಳುವ ಫೈಟರ್ ಮತ್ತು ಮಾಂಕ್ ಜೇಬಿಂದಲೇ ದಂಡ ಕಟ್ಟಿಸಿದ ಹಾಗಾಯಿತು.

ನಮ್ಮ ಟೇಬಲ್‌ನ ಫೈಟರ್ ಆಡುವ ಹುಡುಗ ತುಂಬಾ ಮೆತ್ತಗಿನವನು, ಒಂದು ಮಾತೂ ಆಡಲಿಲ್ಲ. ಆದರೆ ಐದನೇ ಲೆವೆಲ್ ಬಂದ ಮೇಲೆ ಎರಡನೇ ಏಟು ಹೊಡೆಯದೆ ಸುಮ್ಮನಾಗುತ್ತಿದ್ದ. ಯಾಕೆ ಅಂತ ಕೇಳಿದರೆ "ಒಂದೇ ಸಾಕು, ಮತ್ತೆ ಕತ್ತಿ ಬಿದ್ದರೆ ಕಷ್ಟ" ಅಂದ. ಆಡಲೆಂದು ಬಂದವನು ತನಗೆ ಸಿಕ್ಕ ಶಕ್ತಿಯನ್ನೇ ಬಳಸಲು ಹೆದರುತ್ತಿದ್ದಾನೆ ಅಂದರೆ ಆ ನಿಯಮ ಅವತ್ತೇ ಹೋಗಬೇಕು. ಹೋಯಿತು.

ನಗು ಬೇಕೇ ಬೇಕು ಅನ್ನುವ ಟೇಬಲ್‌ಗೆ ಒಂದು ಮಧ್ಯದ ದಾರಿ ಇದೆ. 1 ಬಿದ್ದಾಗ ಏನಾಯಿತು ಅಂತ ಆಟಗಾರನೇ ಒಂದು ಸಾಲು ಹೇಳಲಿ, ಲೆಕ್ಕದಲ್ಲಿ ಏನೂ ಬದಲಾಗದಿರಲಿ. ಏಟು ತಪ್ಪಿದ್ದಕ್ಕೆ ಮರಕ್ಕೆ ಕತ್ತಿ ಸಿಕ್ಕಿಕೊಂಡಿತು ಅಂತ ಅವನು ಹೇಳಿದರೆ ನಗುವೂ ಬರುತ್ತದೆ, ಮುಂದಿನ ಸರದಿಗೆ ಕತ್ತಿಯೂ ಕೈಯಲ್ಲಿರುತ್ತದೆ.

ಸುತ್ತುವರಿದು ಹೊಡೆಯುವುದು

ಫ್ಲ್ಯಾಂಕಿಂಗ್ 2014ರ ಡಿಎಂ ಪುಸ್ತಕದಲ್ಲಿ ಐಚ್ಛಿಕ ನಿಯಮ. ಇಬ್ಬರು ಶತ್ರುವಿನ ಎದುರುಬದುರು ನಿಂತರೆ ಇಬ್ಬರಿಗೂ ಅಡ್ವಾಂಟೇಜ್, ಅಂದರೆ ಎರಡು ಡಿ20 ಉರುಳಿಸಿ ದೊಡ್ಡದನ್ನು ತೆಗೆದುಕೊಳ್ಳುವುದು. ಕೇಳಲು ಸರಿಯಾಗಿದೆ. ಆದರೆ ಅಡ್ವಾಂಟೇಜ್ ತುಂಬಾ ದೊಡ್ಡ ಬಹುಮಾನ. ಹೊಡೆಯಲು 11 ಬೇಕಿದ್ದಾಗ 50% ಇದ್ದ ಸಾಧ್ಯತೆ 75% ಆಗುತ್ತದೆ, ಕ್ರಿಟ್ ಸಾಧ್ಯತೆ 5%ನಿಂದ 9.75%ಗೆ ಏರುತ್ತದೆ. ಇಷ್ಟೊಂದು ಬರೀ ಎರಡು ಹೆಜ್ಜೆ ಪಕ್ಕಕ್ಕೆ ನಡೆದದ್ದಕ್ಕೆ!

ಬೆಲೆ ಕೊಡುವವರು ಬಾರ್ಬೇರಿಯನ್‌ಗಳು. ಅವರ ರೆಕ್ಲೆಸ್ ಅಟ್ಯಾಕ್ ಇರುವುದೇ ತಮ್ಮ ಮೈ ಒಡ್ಡಿ ಅಡ್ವಾಂಟೇಜ್ ಪಡೆಯಲು. ಅದು ಎಲ್ಲರಿಗೂ ಪುಕ್ಕಟೆ ಸಿಕ್ಕರೆ ಮೈ ಒಡ್ಡುವುದು ಯಾಕೆ? ಎರಡು ಅಡ್ವಾಂಟೇಜ್ ಸೇರಿ ಮೂರು ಡೈಸ್ ಆಗುವುದಿಲ್ಲ ಎನ್ನುವುದನ್ನೂ ನೆನಪಿಡಿ, ಒಂದು ಸಿಕ್ಕರೆ ಉಳಿದವೆಲ್ಲ ವ್ಯರ್ಥ. ಇದರ ಜೊತೆ ಮ್ಯಾಪ್ ಮೇಲೆ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲುವ ವಿಚಿತ್ರ ನೋಟ ಬೇರೆ. ಮತ್ತೆ ಗಾಬ್ಲಿನ್‌ಗಳು ಎಂಟು ಇದ್ದು ನೀವು ನಾಲ್ಕೇ ಜನ ಇದ್ದರೆ ಸುತ್ತುವರಿಯುವುದು ಯಾರು ಅಂತ ಹೇಳಬೇಕಾಗಿಲ್ಲ.

ಅಡ್ವಾಂಟೇಜ್ ಬದಲು +2 ಕೊಟ್ಟರೆ 50% ಇದ್ದದ್ದು 60% ಆಗುತ್ತದೆ. ನಡೆದು ಹೋಗಿ ನಿಂತದ್ದಕ್ಕೆ ಬೆಲೆ ಸಿಗುತ್ತದೆ, ಬಾರ್ಬೇರಿಯನ್‌ನ ಅಡ್ವಾಂಟೇಜ್ ಅವನ ಹತ್ತಿರವೇ ಉಳಿಯುತ್ತದೆ, ಬೇಕಾದರೆ ಎರಡೂ ಸೇರುತ್ತವೆ. ಅರ್ಧ ಮರೆಯಲ್ಲಿ ನಿಂತವರಿಗೆ ಎಸಿಗೆ (ಏಟು ತಪ್ಪಿಸುವ ರಕ್ಷಣೆಯ ಅಂಕ) ಸಿಗುವುದೂ +2 ತಾನೆ, ಹಾಗಾಗಿ ನೆನಪಿಡಲೂ ಸುಲಭ. ಮ್ಯಾಪ್ ಮತ್ತು ಮಿನಿ ಇಟ್ಟು ಆಡುವವರಿಗೆ +2 ಸರಿ. ಮ್ಯಾಪ್ ಇಲ್ಲದೆ ಬಾಯಲ್ಲೇ ಹೇಳಿ ಆಡುವವರು ಫ್ಲ್ಯಾಂಕಿಂಗ್ ಬಿಟ್ಟೇಬಿಡಿ, ಯಾರು ಎಲ್ಲಿ ನಿಂತಿದ್ದಾರೆ ಅನ್ನುವ ಜಗಳದಲ್ಲೇ ಅರ್ಧ ಸಂಜೆ ಹೋಗುತ್ತದೆ.

ಪೋಶನ್ ಕುಡಿಯುವುದು

ಇದು ಸುಲಭದ್ದು. 2014ರಲ್ಲಿ ಪೋಶನ್ (ಗಾಯ ಮಾಯಿಸುವ ಔಷಧಿ) ಕುಡಿಯಲು ಪೂರ್ತಿ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸ, ಬೇಕಿತ್ತು, ಎಷ್ಟೋ ಟೇಬಲ್‌ಗಳು ಅದನ್ನು ಬೋನಸ್ ಆಕ್ಷನ್ (ಅದರ ಜೊತೆಗಿನ ಚಿಕ್ಕ ಕೆಲಸ) ಮಾಡಿಕೊಂಡವು, 2024ರ ಪುಸ್ತಕ ಅದನ್ನೇ ಅಧಿಕೃತ ಮಾಡಿತು. ಇನ್ನೊಂದು ರೂಪವೂ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಬೋನಸ್ ಆಕ್ಷನ್‌ನಲ್ಲಿ ಕುಡಿದರೆ ಡೈಸ್ ಉರುಳಿಸಿ, 2ಡಿ4 ಮತ್ತು 2, ಸರಾಸರಿ 7. ಪೂರ್ತಿ ಆಕ್ಷನ್ ಕೊಟ್ಟು ನಿಧಾನವಾಗಿ ಕುಡಿದರೆ ಉರುಳಿಸದೆ ನೇರವಾಗಿ 10. ಆಟಗಾರನಿಗೆ ನಿಜವಾದ ಆಯ್ಕೆ ಸಿಗುತ್ತದೆ. ಬೆಲೆ ಸ್ವಲ್ಪ ಮಟ್ಟಿಗೆ ಕ್ಲೆರಿಕ್‌ನದು, ಬೋನಸ್ ಆಕ್ಷನ್‌ನಲ್ಲಿ ಹೀಲಿಂಗ್ ವರ್ಡ್ (ಗಾಯ ಮಾಯಿಸುವ ಮಂತ್ರ) ಹೇಳುವುದು ಅವರ ಹೆಮ್ಮೆಯಾಗಿತ್ತು. ಪೋಶನ್ ಬೆಲೆ 50 ಚಿನ್ನದ ನಾಣ್ಯ ಅಂತ ಗಟ್ಟಿಯಾಗಿ ಇಟ್ಟುಕೊಂಡರೆ ಆ ಹೆಮ್ಮೆಗೆ ಧಕ್ಕೆ ಬರುವುದಿಲ್ಲ.

ಅಬಿಲಿಟಿ ಸ್ಕೋರ್: ಅದೃಷ್ಟವೋ ಸಮಪಾಲೋ

ಅಬಿಲಿಟಿ ಸ್ಕೋರ್ ಅಂದರೆ ಕ್ಯಾರೆಕ್ಟರ್‌ನ ಬಲ, ಬುದ್ಧಿಯಂಥ ಆರು ಗುಣಗಳ ಅಂಕ. ನಾಲ್ಕು ಡಿ6 ಉರುಳಿಸಿ ಚಿಕ್ಕದನ್ನು ಬಿಟ್ಟರೆ ಸರಾಸರಿ 12.24. ಸ್ಟ್ಯಾಂಡರ್ಡ್ ಅರೇ, ಅಂದರೆ 15, 14, 13, 12, 10, 8, ಇದರ ಸರಾಸರಿ 12. ಹಾಗಾಗಿ ಉರುಳಿಸಿದರೆ ಜಾಸ್ತಿ ಸಿಗುತ್ತದೆ ಎನ್ನುವುದು ಅಷ್ಟೇನೂ ನಿಜವಲ್ಲ, ಒಬ್ಬೊಬ್ಬರಿಗೆ ಒಂದೊಂದು ತರ ಸಿಗುತ್ತದೆ ಎನ್ನುವುದು ನಿಜ. ಒಬ್ಬನಿಗೆ 18 ಬಿದ್ದು ಪಕ್ಕದವಳಿಗೆ 13ಕ್ಕಿಂತ ಮೇಲೆ ಏನೂ ಬೀಳದಿದ್ದರೆ ಅದು ಆ ಸಂಜೆಗೆ ಮುಗಿಯುವ ದುರದೃಷ್ಟ ಅಲ್ಲ. ಕ್ಯಾಂಪೇನ್ ಮುಗಿಯುವವರೆಗೂ ಪ್ರತಿ ರೋಲ್‌ನಲ್ಲೂ ಅವಳು ಅದನ್ನು ಹೊರಬೇಕು.

27 ಪಾಯಿಂಟ್ ಕೊಟ್ಟು ಅಂಕ ಕೊಳ್ಳುವ ಪಾಯಿಂಟ್ ಬೈ ಎಲ್ಲರಿಗೂ ಸಮ, ಆದರೆ ಎಲ್ಲರ ಶೀಟ್‌ಗಳೂ ಒಂದೇ ತರ ಕಾಣುತ್ತವೆ, ಡೈಸ್ ಸದ್ದೂ ಇಲ್ಲ. ನಮಗೆ ಹಿಡಿಸಿದ್ದು ಹಂಚಿಕೊಳ್ಳುವ ದಾರಿ. ಎಲ್ಲರೂ ಒಂದೊಂದು ಸೆಟ್ ಉರುಳಿಸುತ್ತಾರೆ, ಎಲ್ಲವನ್ನೂ ಹಾಳೆ ಮೇಲೆ ಬರೆಯುತ್ತೇವೆ, ಯಾರು ಬೇಕಾದರೂ ಯಾವ ಸೆಟ್ ಬೇಕಾದರೂ ತೆಗೆದುಕೊಳ್ಳಬಹುದು. ಒಬ್ಬರಿಗೆ ಬಿದ್ದ 17 ಎಲ್ಲರದ್ದೂ ಆಗುತ್ತದೆ. ಕ್ಯಾರೆಕ್ಟರ್‌ಗಳು ಸ್ವಲ್ಪ ಬಲವಾಗುತ್ತವೆ, ಅದರ ಬೆಲೆ ಡಿಎಂ ಕೊಡಬೇಕು, ಅಂದರೆ ಎದುರಿಗೆ ಒಂದೆರಡು ರಾಕ್ಷಸರನ್ನು ಜಾಸ್ತಿ ಇಡಬೇಕು. ನಾನು ಖುಷಿಯಿಂದ ಕೊಡುತ್ತೇನೆ.

ಸಾವು ಮತ್ತು ಎದ್ದು ಬೀಳುವ ಆಟ

ಐದನೇ ಎಡಿಷನ್ ಬಗ್ಗೆ ಇರುವ ಹಳೆಯ ದೂರು ಇದು. ಸೊನ್ನೆಗೆ ಬಿದ್ದವನನ್ನು ಹೀಲಿಂಗ್ ವರ್ಡ್ ಎಬ್ಬಿಸುತ್ತದೆ, ಅವನು ಹೊಡೆಯುತ್ತಾನೆ, ಮತ್ತೆ ಬೀಳುತ್ತಾನೆ, ಮತ್ತೆ ಏಳುತ್ತಾನೆ. ಸಾವಿನ ಬಾಗಿಲು ನಮ್ಮ ಮನೆ ಬಾಗಿಲಿನ ಹಾಗೆ ಆಗಿಬಿಡುತ್ತದೆ.

ಒಂದು ಪರಿಹಾರ, ಪ್ರತಿ ಸಲ ಸೊನ್ನೆಗೆ ಬಿದ್ದಾಗ ಒಂದು ಹಂತ ಎಕ್ಸಾಸ್ಚನ್ (ದಣಿವು). ಇಲ್ಲಿ ನೀವು ಯಾವ ವರ್ಷದ ಪುಸ್ತಕ ಆಡುತ್ತೀರಿ ಎನ್ನುವುದು ತುಂಬಾ ಮುಖ್ಯ. 2014ರಲ್ಲಿ ಎಕ್ಸಾಸ್ಚನ್ ಕ್ರೂರಿ: ಮೊದಲ ಹಂತಕ್ಕೇ ಎಲ್ಲ ಅಬಿಲಿಟಿ ಚೆಕ್‌ಗೂ ಡಿಸ್ಅಡ್ವಾಂಟೇಜ್ (ಎರಡು ಉರುಳಿಸಿ ಚಿಕ್ಕದನ್ನು ತೆಗೆದುಕೊಳ್ಳುವುದು), ಎರಡಕ್ಕೆ ವೇಗ ಅರ್ಧ, ಮೂರಕ್ಕೆ ಅಟ್ಯಾಕ್ ಮತ್ತು ಸೇವಿಂಗ್ ಥ್ರೋಗೂ ಡಿಸ್ಅಡ್ವಾಂಟೇಜ್, ನಾಲ್ಕಕ್ಕೆ ಗರಿಷ್ಠ ಹಿಟ್ ಪಾಯಿಂಟ್ ಅರ್ಧ, ಆರಕ್ಕೆ ಸಾವು. ಒಂದು ಲಾಂಗ್ ರೆಸ್ಟ್‌ಗೆ (8 ಗಂಟೆಯ ವಿಶ್ರಾಂತಿ) ಇಳಿಯುವುದು ಒಂದೇ ಹಂತ. 2024ರಲ್ಲಿ ಪ್ರತಿ ಹಂತಕ್ಕೂ ಡಿ20 ರೋಲ್‌ಗಳಿಂದ 2 ಕಳೆಯುತ್ತದೆ, ವೇಗ 5 ಅಡಿ ಕಮ್ಮಿ. ಆರನೇ ಹಂತದ ಸಾವು ಹಾಗೇ ಇದೆ, ಆದರೆ ಇಳಿಜಾರು ಮೆಲ್ಲಗಿದೆ. ಎಕ್ಸಾಸ್ಚನ್ ದಾರಿ ಹಿಡಿಯುವುದಾದರೆ 2024ರ ರೂಪವನ್ನೇ ತೆಗೆದುಕೊಳ್ಳಿ. ಆಗಲೂ ಬೆಲೆ ಕೊಡುವುದು ಮುಂದೆ ನಿಂತು ಏಟು ತಿನ್ನುವವರು, ಹಿಂದೆ ಅಡಗಿದ ವಿಝರ್ಡ್ ಅಲ್ಲ. 2014ರ ಬರ್ಸರ್ಕರ್ ಬಾರ್ಬೇರಿಯನ್‌ಗಂತೂ ಅವನ ವಿಶೇಷ ಶಕ್ತಿಯಾದ ಫ್ರೆಂಝಿಯೇ ಪ್ರತಿ ಸಲ ಒಂದು ಹಂತ ಎಕ್ಸಾಸ್ಚನ್ ಕೊಡುತ್ತದೆ, ಅದರ ಮೇಲೆ ಇದೂ ಸೇರಿದರೆ ಪಾಪ ಅವನು ಎದ್ದೇಳುವುದೇ ಬೇಡ.

ಇನ್ನೊಂದು ಪರಿಹಾರ ಲೆಕ್ಕವನ್ನು ಮುಟ್ಟುವುದೇ ಇಲ್ಲ. ಡೆತ್ ಸೇವ್ ಗುಟ್ಟಾಗಿ ಉರುಳಿಸುವುದು. ಬಿದ್ದ ಆಟಗಾರ ಮತ್ತು ಡಿಎಂ ಮಾತ್ರ ನೋಡುತ್ತಾರೆ, ಬೇರೆಯವರಿಗೆ ಹೇಳುವ ಹಾಗಿಲ್ಲ, ಮುಖದಲ್ಲಿ ತೋರಿಸುವ ಹಾಗೂ ಇಲ್ಲ. ಪುಸ್ತಕದ ಪ್ರಕಾರ 10 ಅಥವಾ ಜಾಸ್ತಿ ಬಿದ್ದರೆ ಗೆಲುವು, ಅಂದರೆ ಪ್ರತಿ ರೋಲ್‌ಗೆ 55%. ಎಲ್ಲರಿಗೂ ಕಾಣುವ ಹಾಗೆ ಉರುಳಿಸಿದರೆ "ಇನ್ನೂ ಒಂದೇ ಸೋತಿದ್ದಾನೆ, ಮುಂದಿನ ಸುತ್ತಿನಲ್ಲಿ ನೋಡಿಕೊಳ್ಳೋಣ" ಅನ್ನುತ್ತಾರೆ. ಗುಟ್ಟಾಗಿ ಉರುಳಿಸಿದ ಮೊದಲ ಸಂಜೆ ನಮ್ಮ ರೋಗ್ ಬಿದ್ದ. ಡೈಸ್ ನನ್ನ ಪರದೆಯ ಹಿಂದೆ ಸದ್ದು ಮಾಡಿತು, ಅವನು ನೋಡಿ ತಲೆ ತಗ್ಗಿಸಿ ಕುಳಿತ. ಯಾವಾಗಲೂ ಮೂರು ನಿಮಿಷ ಲೆಕ್ಕ ಹಾಕಿ ಸರದಿ ಆಡುವ ಕ್ಲೆರಿಕ್ ಆವತ್ತು ಒಂದು ಕ್ಷಣವೂ ಯೋಚಿಸದೆ ಎರಡು ಓಗರ್‌ಗಳ ನಡುವೆ ಓಡಿ ಹೋದಳು. ದಾರಿಯಲ್ಲಿ ಎರಡು ಏಟು ತಿಂದಳು. ಅವನಿಗೆ ಬಿದ್ದದ್ದು 17 ಅಂತ ಅವಳಿಗೆ ಗೊತ್ತಾದದ್ದು ಸೆಷನ್ ಮುಗಿದ ಮೇಲೆ.

ಈ ನಿಯಮಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಎಲ್ಲಕ್ಕಿಂತ ಮೊದಲು ಇದನ್ನು ಪ್ರಯತ್ನಿಸಿ.

ವಿಶ್ರಾಂತಿ

ಮಾಮೂಲಿಗೆ ಶಾರ್ಟ್ ರೆಸ್ಟ್ ಒಂದು ಗಂಟೆ, ಲಾಂಗ್ ರೆಸ್ಟ್ 8 ಗಂಟೆ. 2014ರ ಡಿಎಂ ಪುಸ್ತಕದ ಗ್ರಿಟ್ಟಿ ರಿಯಲಿಸಂ ಎನ್ನುವ ಐಚ್ಛಿಕ ನಿಯಮದಲ್ಲಿ ಶಾರ್ಟ್ 8 ಗಂಟೆ, ಲಾಂಗ್ ಏಳು ದಿನ. ದೂರ ಪ್ರಯಾಣದ ಕಥೆಗೆ ಚೆನ್ನ. ಬೆಲೆ ವಿಝರ್ಡ್‌ನದು: 8 ಗಂಟೆ ಇರುವ ಮೇಜ್ ಆರ್ಮರ್ ಎನ್ನುವ ರಕ್ಷಣೆಯ ಮಂತ್ರಕ್ಕೆ ಖರ್ಚಾದ ಸ್ಲಾಟ್ (ಮಂತ್ರ ಹಾಕುವ ಅವಕಾಶ) ಸಾಮಾನ್ಯವಾಗಿ ಆ ಏಳು ದಿನದ ಲಾಂಗ್ ರೆಸ್ಟ್ ಮುಗಿಯುವವರೆಗೂ ತಿರುಗಿ ಬರುವುದಿಲ್ಲ. ಸರಳ ಮಧ್ಯದ ದಾರಿ: ಲಾಂಗ್ ರೆಸ್ಟ್ 8 ಗಂಟೆಯೇ, ಆದರೆ ಊರು, ಛತ್ರ, ಗುಡಿಯಂಥ ಭದ್ರ ಜಾಗದಲ್ಲಿ ಮಾತ್ರ.

ಹೊಸ ನಿಯಮ ತರುವುದು, ತೆಗೆಯುವುದು

ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಮೂರು ಸೆಷನ್ ಆಡಿ. ಆಮೇಲೆ ಆ ನಿಯಮದ ಬೆಲೆ ಕೊಟ್ಟವರನ್ನು ಮೊದಲು ಮಾತಾಡಲು ಬಿಡಿ. ಗಟ್ಟಿಯಾಗಿ ಮಾತಾಡುವವರಿಗೆ ಸಾಮಾನ್ಯವಾಗಿ ಲಾಭವೇ ಆಗಿರುತ್ತದೆ. ಕಾಳಗದ ಮಧ್ಯೆ ನಿಯಮ ಬದಲಿಸಬೇಡಿ, ಎಷ್ಟೇ ಅನ್ಯಾಯ ಅನ್ನಿಸಿದರೂ.

ತೆಗೆದಾಗ ಹಿಂದೆ ಆದದ್ದನ್ನು ತಿದ್ದಬೇಕೇ ಎನ್ನುವುದು ನನಗೆ ಅತ್ಯಂತ ಕಷ್ಟದ ಪ್ರಶ್ನೆಯಾಗಿತ್ತು. ಎರಡು ದಾರಿ ಇವೆ. ನಿಯಮದಿಂದ ಸತ್ತವರನ್ನು ವಾಪಸ್ ತರಬಹುದು, ಅಥವಾ ಆದದ್ದನ್ನು ಹಾಗೇ ಬಿಟ್ಟು ಮುಂದಿನ ಸೆಷನ್‌ನಿಂದ ಹೊಸ ನಿಯಮ ಹಿಡಿಯಬಹುದು. ಆ ಎರಡನೇ ಸೆಷನ್ ಮುಗಿದ ರಾತ್ರಿ ನಾನು ಗೆಳತಿಗೆ ಫೋನ್ ಮಾಡಿ ಮೊದಲನೆಯದನ್ನೇ ಹೇಳಿದೆ, ವಿಝರ್ಡ್ ಬದುಕಿದ್ದಾಳೆ ಅಂತ ಮಾಡೋಣ, ತಪ್ಪು ನನ್ನದು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬೇಡ, ಉಳಿದ ಮೂರು ಜನ ಅವಳಿಗೆ ಗುಂಡಿ ತೋಡಿದ್ದಾರೆ, ಅದು ಸುಳ್ಳಾಗಬಾರದು. ಮುಂದಿನ ವಾರ ಆ ನಿಯಮ ಇರಬಾರದು, ಅಷ್ಟು ಮಾಡು" ಅಂದಳು. ಈ ನಿರ್ಧಾರ ಡಿಎಂದಲ್ಲ, ಕಳೆದುಕೊಂಡವರದ್ದು ಅಂತ ಅವತ್ತು ಗೊತ್ತಾಯಿತು, ಈಗಲೂ ನಮ್ಮಲ್ಲಿ ಅವರನ್ನೇ ಕೇಳುತ್ತೇವೆ. ಮುಂದಿನ ವಾರ ಅವಳು ಆ ವಿಝರ್ಡ್‌ನ ಅಕ್ಕನನ್ನು ಕರೆದುಕೊಂಡು ಬಂದಳು. ಬಾರ್ಬೇರಿಯನ್, ಒಂದನೇ ಲೆವೆಲ್, 15 ಹಿಟ್ ಪಾಯಿಂಟ್, ತಂಗಿಯನ್ನು ಹುಡುಕಿಕೊಂಡು ಬಂದವಳು.